ಮನೆಯ ಮೂಲೆಮೂಲೆಗೂ ವೈ-ಫೈ: ಎರಡನೆಯ ರೂಟರ್ ಅನ್ನು ಎಕ್ಸೆಸ್ ಪಾಯಿಂಟ್ ಆಗಿಸುವ ಬಗೆ

ಬೆಂಗಳೂರು: ಮೂವತ್ತು-ನಲವತ್ತರ ನಿವೇಶನದಲ್ಲಿ ಕಟ್ಟಿದ ಎರಡಂತಸ್ತಿನ ಮನೆ. ಫೈಬರ್ ಸಂಪರ್ಕದ ಪೆಟ್ಟಿಗೆ ಕೆಳಗಿನ ನಡುಮನೆಯಲ್ಲಿ, ಟಿ.ವಿ.ಯ ಪಕ್ಕದಲ್ಲಿದೆ. ಅಲ್ಲಿ ಕುಳಿತವರಿಗೆ ಅಂತರ್ಜಾಲ ಸರಾಗ. ಆದರೆ ಮಹಡಿಯ ಕೋಣೆಯಲ್ಲಿ ಪರೀಕ್ಷೆಗೆ ಸಿದ್ಧಳಾಗುತ್ತಿರುವ ಮಗಳ ಆನ್‌ಲೈನ್ ತರಗತಿ ಐದೈದು ನಿಮಿಷಕ್ಕೊಮ್ಮೆ ಕಡಿದುಹೋಗುತ್ತದೆ. ಮನೆಯಿಂದಲೇ ಕಚೇರಿ ಕೆಲಸ ಮಾಡುವ ಮಗ ಸಭೆಯ ನಡುವೆ ಲ್ಯಾಪ್‌ಟಾಪ್ ಹಿಡಿದು ಮೆಟ್ಟಿಲ ಮೇಲೆ ಬಂದು ಕೂರುತ್ತಾನೆ. ಹೆಚ್ಚು ಹಣ ತೆತ್ತು ಇನ್ನೂ ವೇಗದ ಯೋಜನೆಗೆ ಬದಲಾಯಿಸಿದ್ದಾಯಿತು. ಮಹಡಿಯ ಕೋಣೆಯ ಪಾಡು ಮಾತ್ರ ಬದಲಾಗಲಿಲ್ಲ.

ರಾಜ್ಯದ ನಗರಗಳಲ್ಲಿ ಈ ದೃಶ್ಯ ಅಪರೂಪವೇನಲ್ಲ. ಇಲ್ಲಿ ಕೊರತೆ ಇರುವುದು ಮನೆಗೆ ಬರುವ ಸಂಪರ್ಕದಲ್ಲಲ್ಲ, ಮನೆಯೊಳಗಿನ ಹಂಚಿಕೆಯಲ್ಲಿ. ತೊಟ್ಟಿಗೆ ಎಷ್ಟೇ ನೀರು ಬಂದರೂ ಮಹಡಿಗೆ ಕೊಳವೆ ಇಲ್ಲದಿದ್ದರೆ ಅಲ್ಲಿನ ನಲ್ಲಿಯಲ್ಲಿ ನೀರು ಬಾರದು. ಈ ಕೊರತೆಯನ್ನು ನೀಗಿಸಲು ಹೊಸ ಸಾಧನವನ್ನೇ ಕೊಳ್ಳಬೇಕೆಂದಿಲ್ಲ. ಹಿಂದಿನ ಸಂಪರ್ಕದ ಕಾಲದಲ್ಲಿ ಕೊಂಡು, ಈಗ ಅಟ್ಟ ಸೇರಿರುವ ಹಳೆಯ ರೂಟರ್ ಒಂದಿದ್ದರೆ, ಒಂದಿಷ್ಟು ತಂತಿಯ ನೆರವಿನಿಂದ ಅದನ್ನೇ ಮಹಡಿಯ ವೈ-ಫೈ ಕೇಂದ್ರವಾಗಿ ಮಾರ್ಪಡಿಸಬಹುದು. ತಾಂತ್ರಿಕ ಪರಿಭಾಷೆಯಲ್ಲಿ ಇದಕ್ಕೆ ಎಕ್ಸೆಸ್ ಪಾಯಿಂಟ್ ಎಂದು ಹೆಸರು. ಅದನ್ನು ಸಿದ್ಧಪಡಿಸುವ ಕ್ರಮ, ತಪ್ಪಾಗುವ ಕಡೆಗಳು ಹಾಗೂ ವಹಿಸಬೇಕಾದ ಎಚ್ಚರಿಕೆಗಳ ವಿವರ ಇಲ್ಲಿದೆ.

ಸಿಗ್ನಲ್ ಏಕೆ ಸೋರಿಹೋಗುತ್ತದೆ?

ಮನೆಗಳಲ್ಲಿ ಬಳಕೆಯಲ್ಲಿರುವ ವೈ-ಫೈ ಮುಖ್ಯವಾಗಿ ಎರಡು ತರಂಗಪಟ್ಟಿಗಳಲ್ಲಿ ಕೆಲಸ ಮಾಡುತ್ತದೆ. ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್. ಮೊದಲನೆಯದರ ತರಂಗಾಂತರ ಸುಮಾರು 12 ಸೆಂಟಿಮೀಟರ್. ಎರಡನೆಯದರದ್ದು ಅದರ ಅರ್ಧಕ್ಕೂ ಕಡಿಮೆ. 2.4ರ ಪಟ್ಟಿ ಗೋಡೆಗಳನ್ನು ಹೆಚ್ಚು ಸಮರ್ಥವಾಗಿ ದಾಟುತ್ತದೆ, ಆದರೆ ವೇಗ ಕಡಿಮೆ ಮತ್ತು ನೆರೆಹೊರೆಯ ಸಂದಣಿ ಹೆಚ್ಚು. 5ರ ಪಟ್ಟಿಯಲ್ಲಿ ವೇಗ ಹೆಚ್ಚು, ಆದರೆ ಒಂದೆರಡು ಗೋಡೆ ದಾಟುವಷ್ಟರಲ್ಲಿ ಅದು ಸೊರಗುತ್ತದೆ.

ನಮ್ಮ ಮನೆಗಳ ಕಟ್ಟಡ ಕ್ರಮವೂ ಇದಕ್ಕೆ ಪೂರಕವಾಗಿಲ್ಲ. ಬೆಂಗಳೂರಿನ ಹಳೆಯ ಬಡಾವಣೆಗಳ ಸೈಜುಗಲ್ಲಿನ ಗೋಡೆ, ಕರಾವಳಿಯ ದಪ್ಪನೆಯ ಕೆಂಪುಕಲ್ಲಿನ ಗೋಡೆ, ಎಲ್ಲೆಡೆ ಸಾಮಾನ್ಯವಾಗಿರುವ ಕಬ್ಬಿಣದ ಸರಳು ಹೆಣೆದ ಆರ್‌ಸಿಸಿ ಛಾವಣಿ, ಇವೆಲ್ಲ ರೇಡಿಯೊ ಅಲೆಗಳಿಗೆ ತಡೆಯೊಡ್ಡುತ್ತವೆ. ಲೋಹ ಅಲೆಗಳನ್ನು ಹಿಂದಕ್ಕೆ ಹೊರಳಿಸುತ್ತದೆ, ನೀರು ಹೀರಿಕೊಳ್ಳುತ್ತದೆ. ಆದ್ದರಿಂದಲೇ ಫ್ರಿಜ್, ಉಕ್ಕಿನ ಬೀರು, ನಿಲುಗನ್ನಡಿ, ನೀರಿನ ಟ್ಯಾಂಕ್ ಇವುಗಳ ಮರೆಯಲ್ಲಿರುವ ಕೋಣೆಗೆ ಸಿಗ್ನಲ್ ತಲುಪುವುದು ಕಷ್ಟ. ಸಾಮಾನ್ಯ ರೂಟರ್‌ನ ಅಲೆಗಳು ಸುತ್ತಲೂ ಅಡ್ಡಲಾಗಿ ಹರಡುವಷ್ಟು ಮೇಲಕ್ಕೂ ಕೆಳಕ್ಕೂ ಹರಡುವುದಿಲ್ಲ ಎಂಬುದೂ ಮಹಡಿಯವರ ಪಾಲಿಗೆ ಪ್ರತಿಕೂಲವೇ.

ಮೂರು ದಾರಿಗಳು

ಇದಕ್ಕೆ ಪರಿಹಾರವಾಗಿ ಮಾರುಕಟ್ಟೆಯಲ್ಲಿ ಮೂರು ಬಗೆಯ ವ್ಯವಸ್ಥೆಗಳು ದೊರೆಯುತ್ತವೆ.

ಮೊದಲನೆಯದು ರಿಪೀಟರ್ ಅಥವಾ ಎಕ್ಸ್‌ಟೆಂಡರ್. ಇದು ಮುಖ್ಯ ರೂಟರ್‌ನ ಅಲೆಗಳನ್ನು ಗಾಳಿಯಲ್ಲೇ ಹಿಡಿದು ಮತ್ತೆ ಬಿತ್ತರಿಸುತ್ತದೆ. ತಂತಿಯ ಗೊಡವೆ ಇಲ್ಲ. ಆದರೆ ಒಂದೇ ರೇಡಿಯೊದಲ್ಲಿ ಕೇಳುವುದೂ ಹೇಳುವುದೂ ನಡೆಯುವ ಅಗ್ಗದ ಸಾಧನಗಳಲ್ಲಿ ವೇಗ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಸಿಗ್ನಲ್ ಇಲ್ಲದ ಕೋಣೆಯಲ್ಲೇ ಅದನ್ನು ಇಟ್ಟರೆ ಹಿಡಿಯುವುದಕ್ಕೆ ಏನೂ ಇರುವುದಿಲ್ಲ ಎಂಬುದನ್ನೂ ಅನೇಕರು ಮರೆಯುತ್ತಾರೆ.

ಎರಡನೆಯದು ಮೆಶ್ ವ್ಯವಸ್ಥೆ. ಪರಸ್ಪರ ಮಾತನಾಡಿಕೊಳ್ಳುವ ಎರಡು-ಮೂರು ಪೆಟ್ಟಿಗೆಗಳು ಒಂದೇ ಜಾಲವಾಗಿ ವರ್ತಿಸುತ್ತವೆ. ಅಳವಡಿಕೆ ಸುಲಭ, ಬೆಲೆ ಹೆಚ್ಚು. ಪೆಟ್ಟಿಗೆಗಳ ನಡುವಿನ ಕೊಂಡಿಯೂ ನಿಸ್ತಂತುವಾಗಿದ್ದರೆ ಅದಕ್ಕೂ ಛಾವಣಿಯ ಅಡ್ಡಿ ತಪ್ಪಿದ್ದಲ್ಲ.

ಮೂರನೆಯದೇ ತಂತಿಯ ಮೂಲಕ ಜೋಡಿಸಿದ ಎಕ್ಸೆಸ್ ಪಾಯಿಂಟ್. ಛಾವಣಿ ದಾಟುವ ಕೆಲಸವನ್ನು ತಂತಿ ಮಾಡುತ್ತದೆ. ಕೋಣೆಯೊಳಗೆ ಹರಡುವ ಕೆಲಸವನ್ನಷ್ಟೇ ರೇಡಿಯೊ ಮಾಡುತ್ತದೆ. ಒಮ್ಮೆ ತಂತಿ ಎಳೆಯುವ ಶ್ರಮವೊಂದನ್ನು ಬಿಟ್ಟರೆ ವೇಗ, ಸ್ಥಿರತೆ ಎರಡರಲ್ಲೂ ಇದೇ ಮೇಲು. ಕಚೇರಿ, ಕಾಲೇಜು, ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವುದೂ ಇದೇ ಕ್ರಮ.

ಒಂದು ಪೆಟ್ಟಿಗೆ, ನಾಲ್ಕು ಕೆಲಸ

ಮುಂದಿನ ಹಂತಗಳು ಅರ್ಥವಾಗಬೇಕಾದರೆ ರೂಟರ್ ಎಂಬ ಪೆಟ್ಟಿಗೆಯೊಳಗೆ ನಡೆಯುವ ಕೆಲಸಗಳ ಪರಿಚಯ ಅಗತ್ಯ. ನಾವು ಒಂದೇ ಎಂದು ಭಾವಿಸುವ ಆ ಸಾಧನದಲ್ಲಿ ವಾಸ್ತವವಾಗಿ ನಾಲ್ಕು ಸಾಧನಗಳು ಅಡಗಿವೆ.

ಒಂದು, ಹೊರಗಿನ ಅಂತರ್ಜಾಲಕ್ಕೂ ಮನೆಯ ಜಾಲಕ್ಕೂ ನಡುವೆ ನಿಂತು ಮಾಹಿತಿಯನ್ನು ದಾಟಿಸುವ ಹೆಬ್ಬಾಗಿಲು. ಎರಡು, ಮನೆಯ ಪ್ರತಿಯೊಂದು ಫೋನ್, ಟಿ.ವಿ., ಲ್ಯಾಪ್‌ಟಾಪ್‌ಗೂ ಒಂದೊಂದು ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಎಂಬ ಗುಮಾಸ್ತ. ಮೂರು, ತಂತಿಯಿಂದ ಜೋಡಿಸಿದ ಸಾಧನಗಳನ್ನು ಪರಸ್ಪರ ಬೆಸೆಯುವ ಸ್ವಿಚ್. ನಾಲ್ಕು, ವೈ-ಫೈ ಅಲೆಗಳನ್ನು ಬಿತ್ತರಿಸುವ ಎಕ್ಸೆಸ್ ಪಾಯಿಂಟ್.

ಎರಡನೆಯ ರೂಟರ್‌ನಿಂದ ನಮಗೆ ಬೇಕಾಗಿರುವುದು ಕೊನೆಯ ಎರಡು ಕೆಲಸಗಳು ಮಾತ್ರ. ಹೆಬ್ಬಾಗಿಲು ಮತ್ತು ಗುಮಾಸ್ತಿಕೆಯನ್ನು ಈಗಾಗಲೇ ಮುಖ್ಯ ರೂಟರ್ ನಿರ್ವಹಿಸುತ್ತಿದೆ. ಒಂದೇ ಮನೆಯಲ್ಲಿ ಇಬ್ಬರು ಗುಮಾಸ್ತರು ಪರಸ್ಪರ ಅರಿವಿಲ್ಲದೆ ವಿಳಾಸ ಹಂಚತೊಡಗಿದರೆ ಗೊಂದಲ ಖಚಿತ. ಒಬ್ಬನ ಕೆಲಸ ನಿಲ್ಲಿಸುವುದೇ ಈ ಇಡೀ ವಿಧಾನದ ತಿರುಳು.

ಬೇಕಾಗುವ ಸಾಮಗ್ರಿ

ಹಳೆಯ ರೂಟರ್ ಮತ್ತು ಅದರದ್ದೇ ಅಡಾಪ್ಟರ್ ಇರಲಿ. ಒಂದು ರೂಟರ್ 9 ವೋಲ್ಟ್‌ನದಾಗಿದ್ದರೆ ಇನ್ನೊಂದು 12 ವೋಲ್ಟ್‌ನದಾಗಿರಬಹುದು; ಪಿನ್ ಹೊಂದಿತೆಂಬ ಮಾತ್ರಕ್ಕೆ ಬೇರೆ ಅಡಾಪ್ಟರ್ ಚುಚ್ಚುವುದು ಸಲ್ಲದು. ದೂರವಾಣಿ ತಂತಿಯ ಬ್ರಾಡ್‌ಬ್ಯಾಂಡ್ ಕಾಲದ ವೈ-ಫೈ ಮೋಡೆಮ್ ಕೂಡ, ಅದರಲ್ಲಿ ಲ್ಯಾನ್ ಪೋರ್ಟ್ ಇದ್ದರೆ, ಈ ಕೆಲಸಕ್ಕೆ ಒದಗುತ್ತದೆ. ಹಿಂದಿನ ಸೇವಾ ಸಂಸ್ಥೆ ಬಳಕೆಗಾಗಿ ಕೊಟ್ಟ ಪೆಟ್ಟಿಗೆಯಾಗಿದ್ದರೆ ಅದು ನಿಮ್ಮ ಸ್ವತ್ತೇ ಅಥವಾ ಹಿಂದಿರುಗಿಸಬೇಕಾದದ್ದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ತಂತಿಗೆ ಕ್ಯಾಟ್ 5ಇ ಅಥವಾ ಕ್ಯಾಟ್ 6 ದರ್ಜೆಯ ಕೇಬಲ್ ಸಾಕು. ಎರಡು ಸಾಧನಗಳ ನಡುವೆ 100 ಮೀಟರ್‌ವರೆಗೆ ಇದನ್ನು ಎಳೆಯಬಹುದಾದ್ದರಿಂದ ಮನೆಯ ಮಟ್ಟಿಗೆ ಉದ್ದದ ಚಿಂತೆ ಇಲ್ಲ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪನ ಮಾಡಿದ ಅಗ್ಗದ ಕೇಬಲ್‌ಗಳೂ ಅಂಗಡಿಗಳಲ್ಲಿವೆ. ಅವು ಬೇಗ ಮುರಿಯುತ್ತವೆ. ಶುದ್ಧ ತಾಮ್ರದ ಕೇಬಲ್ ಎಂದೇ ಕೇಳಿ ಕೊಳ್ಳುವುದು ಲೇಸು. ಇವಲ್ಲದೆ ಲ್ಯಾನ್ ಪೋರ್ಟ್ ಇರುವ ಲ್ಯಾಪ್‌ಟಾಪ್ ಒಂದಿದ್ದರೆ ಕೆಲಸ ಸಲೀಸು. ಅದಿಲ್ಲವಾದರೆ ಹಳೆಯ ರೂಟರ್‌ನ ವೈ-ಫೈಗೆ ಫೋನ್ ಜೋಡಿಸಿಯೂ ಮುಂದುವರಿಯಬಹುದು.

ಹಂತ 1: ಮುಖ್ಯ ರೂಟರ್‌ನ ವಿಳಾಸ ತಿಳಿಯಿರಿ

ಫೋನನ್ನು ಈಗಿರುವ ವೈ-ಫೈಗೆ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಆ ಸಂಪರ್ಕದ ವಿವರಗಳನ್ನು ತೆರೆಯಿರಿ. ಗೇಟ್‌ವೇ ಅಥವಾ ರೂಟರ್ ಎಂಬ ಶೀರ್ಷಿಕೆಯ ಎದುರು ಒಂದು ಸಂಖ್ಯೆ ಕಾಣುತ್ತದೆ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1 ಆಗಿರುತ್ತದೆ. 192.168ರಿಂದ ಆರಂಭವಾಗುವ ವಿಳಾಸಗಳನ್ನು ಖಾಸಗಿ ಜಾಲಗಳ ಬಳಕೆಗೆಂದೇ ಮೀಸಲಿಡಲಾಗಿದೆ. ಆದ್ದರಿಂದಲೇ ನಿಮ್ಮ ಮನೆಯಲ್ಲೂ ನೆರೆಮನೆಯಲ್ಲೂ ಅದೇ ಸಂಖ್ಯೆ ಇದ್ದರೂ ತೊಡಕಿಲ್ಲ. ಈ ಬರಹದಲ್ಲಿ ಮುಖ್ಯ ರೂಟರ್‌ನ ವಿಳಾಸ 192.168.1.1 ಎಂದು ಇಟ್ಟುಕೊಳ್ಳೋಣ.

ಆ ಸಂಖ್ಯೆಯನ್ನು ಬ್ರೌಸರ್‌ನ ವಿಳಾಸಪಟ್ಟಿಯಲ್ಲಿ ಬರೆದರೆ ರೂಟರ್‌ನ ನಿರ್ವಹಣಾ ಪುಟ ತೆರೆಯುತ್ತದೆ. ಅಲ್ಲಿ ಡಿಎಚ್‌ಸಿಪಿ ವಿಭಾಗದಲ್ಲಿ ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ವಿಳಾಸ ಹಂಚಲಾಗುತ್ತಿದೆ ಎಂಬುದನ್ನು ನೋಡಿ. ಅದನ್ನು 192.168.1.100ರಿಂದ 192.168.1.200ರವರೆಗೆ ಎಂದು ಸೀಮಿತಗೊಳಿಸಿದರೆ 100 ಸಾಧನಗಳಿಗೆ ಸಾಲುವಷ್ಟು ವಿಳಾಸಗಳೂ ಉಳಿಯುತ್ತವೆ, ಎರಡನೆಯ ರೂಟರ್‌ಗೆ ಕೊಡಲು ಹೊರಗೆ ಬೇಕಾದಷ್ಟು ಸಂಖ್ಯೆಗಳೂ ಸಿಗುತ್ತವೆ.

ಹಂತ 2: ಹಳೆಯ ರೂಟರ್‌ನ ನೆನಪು ಅಳಿಸಿ

ಹಳೆಯ ರೂಟರ್‌ಗೆ ವಿದ್ಯುತ್ ಕೊಟ್ಟು, ಹಿಂಬದಿಯ ಸಣ್ಣ ರಂಧ್ರದಲ್ಲಿರುವ ರೀಸೆಟ್ ಗುಂಡಿಯನ್ನು ಪಿನ್ನಿನಿಂದ ಸುಮಾರು 10 ಸೆಕೆಂಡ್ ಒತ್ತಿ ಹಿಡಿಯಿರಿ. ದೀಪಗಳು ಒಮ್ಮೆ ಆರಿ ಮತ್ತೆ ಬೆಳಗುತ್ತವೆ. ಹಿಂದಿನ ಸಂಪರ್ಕದ ಹೆಸರು, ಪಾಸ್‌ವರ್ಡ್ ಎಲ್ಲವೂ ಅಳಿದು ಸಾಧನ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ. ಆರಂಭಿಕ ವಿಳಾಸ, ಬಳಕೆದಾರನ ಹೆಸರು ಮತ್ತು ಪಾಸ್‌ವರ್ಡ್ ಸಾಮಾನ್ಯವಾಗಿ ಅದರ ಅಡಿಭಾಗದ ಚೀಟಿಯಲ್ಲಿ ಮುದ್ರಿತವಾಗಿರುತ್ತವೆ.

ಈಗ ಲ್ಯಾಪ್‌ಟಾಪ್‌ನ ವೈ-ಫೈ ಆರಿಸಿ, ಕೇಬಲ್ ಮೂಲಕ ಅದನ್ನು ಹಳೆಯ ರೂಟರ್‌ನ ಲ್ಯಾನ್ ಪೋರ್ಟ್‌ಗೆ ಜೋಡಿಸಿ. ಗಮನಿಸಿ: ಈ ಹಂತದಲ್ಲಿ ಎರಡು ರೂಟರ್‌ಗಳ ನಡುವೆ ಯಾವುದೇ ಸಂಪರ್ಕ ಇರಕೂಡದು. ಎರಡರ ವಿಳಾಸವೂ ಒಂದೇ ಆಗಿರುವ ಸಾಧ್ಯತೆ ಇದ್ದು, ಜೋಡಿಸಿದರೆ ಯಾರ ಬಾಗಿಲು ತಟ್ಟುತ್ತಿದ್ದೇವೆ ಎಂಬುದೇ ತಿಳಿಯದಂತಾಗುತ್ತದೆ.

ಹಂತ 3: ಎಕ್ಸೆಸ್ ಪಾಯಿಂಟ್ ಆಯ್ಕೆ ಇದೆಯೇ?

ನಿರ್ವಹಣಾ ಪುಟಕ್ಕೆ ಪ್ರವೇಶಿಸಿದ ಕೂಡಲೇ ಆಪರೇಷನ್ ಮೋಡ್ ಎಂಬ ವಿಭಾಗಕ್ಕಾಗಿ ಹುಡುಕಿ. ಅನೇಕ ರೂಟರ್‌ಗಳಲ್ಲಿ ಎಕ್ಸೆಸ್ ಪಾಯಿಂಟ್ ಮೋಡ್ ಎಂಬ ಸಿದ್ಧ ಆಯ್ಕೆ ಇರುತ್ತದೆ. ಇದ್ದರೆ ಅರ್ಧ ಕೆಲಸ ಮುಗಿದಂತೆ. ಅದನ್ನು ಆರಿಸಿದರೆ ವಿಳಾಸ ಹಂಚಿಕೆ ತಾನಾಗಿ ನಿಲ್ಲುತ್ತದೆ ಮತ್ತು ಸಾಮಾನ್ಯವಾಗಿ ವ್ಯಾನ್ ಪೋರ್ಟ್ ಕೂಡ ಲ್ಯಾನ್ ಪೋರ್ಟ್‌ನಂತೆಯೇ ವರ್ತಿಸುತ್ತದೆ. ಅಂಥವರು ವೈ-ಫೈ ಹೆಸರು, ಪಾಸ್‌ವರ್ಡ್ ಹೊಂದಿಸಿಕೊಂಡು ನೇರವಾಗಿ ಆರನೆಯ ಹಂತಕ್ಕೆ ಹೋಗಬಹುದು. ಆ ಆಯ್ಕೆ ಇಲ್ಲದ ರೂಟರ್‌ಗಳಲ್ಲಿ ಮುಂದಿನ ಬದಲಾವಣೆಗಳನ್ನು ಕೈಯಾರೆ ಮಾಡಬೇಕು.

ಹಂತ 4: ವೈ-ಫೈ ಹೆಸರು ಮತ್ತು ಪಾಸ್‌ವರ್ಡ್

ಮೊದಲು ನಿಸ್ತಂತು ವಿಭಾಗವನ್ನು ಹೊಂದಿಸಿಕೊಳ್ಳಿ. ಮುಖ್ಯ ರೂಟರ್‌ನ ವೈ-ಫೈ ಹೆಸರು, ಪಾಸ್‌ವರ್ಡ್ ಮತ್ತು ಭದ್ರತೆಯ ಬಗೆ ಈ ಮೂರನ್ನೂ ಅಕ್ಷರಶಃ ಹಾಗೆಯೇ ಇಲ್ಲಿಯೂ ಕೊಟ್ಟರೆ ಫೋನ್‌ಗಳು ಎರಡನ್ನೂ ಒಂದೇ ಜಾಲವೆಂದು ಪರಿಗಣಿಸಿ, ಮೆಟ್ಟಿಲೇರಿದಂತೆ ಮೇಲಿನ ರೂಟರ್‌ಗೆ ತಾವಾಗಿಯೇ ಬದಲಾಗುತ್ತವೆ. ಪ್ರಯೋಗದ ದಿನಗಳಲ್ಲಿ ಮಾತ್ರ ಬೇರೆ ಹೆಸರು ಕೊಟ್ಟರೆ ಯಾವುದಕ್ಕೆ ಜೋಡಿಕೊಂಡಿದ್ದೇವೆಂದು ತಿಳಿಯುವುದು ಸುಲಭ. ಎಲ್ಲವೂ ಸರಿಯಾದ ಬಳಿಕ ಹೆಸರನ್ನು ಒಂದಾಗಿಸಬಹುದು.

ಹೆಸರು ಒಂದೇ ಇರಬೇಕು. ಚಾನೆಲ್ ಮಾತ್ರ ಬೇರೆ ಇರಬೇಕು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಚಾನೆಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್ ಮಾತ್ರ. ಪ್ರತಿ ಪ್ರಸಾರ ಆಕ್ರಮಿಸುವ ಅಗಲವಾದರೋ 20 ಮೆಗಾಹರ್ಟ್ಸ್. ಹೀಗಾಗಿ ಪಕ್ಕಪಕ್ಕದ ಚಾನೆಲ್‌ಗಳು ಒಂದರ ಮೇಲೊಂದು ಬೀಳುತ್ತವೆ. ಒಂದಕ್ಕೊಂದು ಅಡ್ಡ ಬಾರದಂತೆ ಬಳಸಬಹುದಾದವು 1, 6 ಮತ್ತು 11. ಕೆಳಗಿನ ರೂಟರ್ 1ರಲ್ಲಿದ್ದರೆ ಮೇಲಿನದನ್ನು 6 ಅಥವಾ 11ರಲ್ಲಿ ಇರಿಸಿ. ಅಗಲವನ್ನು 40ಕ್ಕೆ ಏರಿಸುವ ಆಮಿಷಕ್ಕೆ ಒಳಗಾಗದೆ 20ರಲ್ಲೇ ಬಿಡುವುದು ಅಪಾರ್ಟ್‌ಮೆಂಟ್ ವಾಸಿಗಳಿಗೆ ಕ್ಷೇಮ. 5 ಗಿಗಾಹರ್ಟ್ಸ್ ಪಟ್ಟಿ ಇರುವ ರೂಟರ್‌ಗಳಲ್ಲಿ ಒಂದನ್ನು 36ರಲ್ಲಿ, ಇನ್ನೊಂದನ್ನು 149ರಲ್ಲಿ ಇಟ್ಟರೆ ಘರ್ಷಣೆ ತಪ್ಪುತ್ತದೆ.

ನಿರ್ವಹಣಾ ಪುಟದ ಪಾಸ್‌ವರ್ಡ್ ಬದಲಾಯಿಸುವುದನ್ನೂ ಈ ಹಂತದಲ್ಲೇ ಮುಗಿಸಿ. ಅನೇಕ ಹಳೆಯ ರೂಟರ್‌ಗಳ ಆರಂಭಿಕ ಪಾಸ್‌ವರ್ಡ್ ಅಡ್ಮಿನ್ ಎಂಬ ಎಲ್ಲರಿಗೂ ತಿಳಿದ ಪದ.

ಹಂತ 5: ವಿಳಾಸ ಬದಲಾವಣೆ ಮತ್ತು ಡಿಎಚ್‌ಸಿಪಿ ಸ್ಥಗಿತ

ಇದು ಅತಿ ಮುಖ್ಯ ಹಂತ, ಕ್ರಮ ತಪ್ಪಬಾರದು. ಲ್ಯಾನ್ ವಿಭಾಗದಲ್ಲಿ ರೂಟರ್‌ನ ಸ್ವಂತ ವಿಳಾಸವನ್ನು 192.168.1.2 ಎಂದು ಬದಲಾಯಿಸಿ. ಸಬ್‌ನೆಟ್ ಮಾಸ್ಕ್ 255.255.255.0 ಹಾಗೆಯೇ ಇರಲಿ. ಮುಖ್ಯ ರೂಟರ್‌ನ ವಿಳಾಸ 192.168.0.1 ಆಗಿದ್ದರೆ ಇದು 192.168.0.2 ಆಗಬೇಕು. ಅಂದರೆ ಮೊದಲ ಮೂರು ಭಾಗ ಒಂದೇ, ಕೊನೆಯದು ಮಾತ್ರ ಬೇರೆ. ಉಳಿಸಿದ ಕೂಡಲೇ ಸಂಪರ್ಕ ಕಡಿಯುತ್ತದೆ. ಗಾಬರಿ ಬೇಡ. ಕೇಬಲ್ ಒಮ್ಮೆ ಕಿತ್ತು ಮತ್ತೆ ಚುಚ್ಚಿ, ಬ್ರೌಸರ್‌ನಲ್ಲಿ ಹೊಸ ವಿಳಾಸ ಬರೆದು ಒಳಹೋಗಿ.

ಅನಂತರ ಡಿಎಚ್‌ಸಿಪಿ ವಿಭಾಗಕ್ಕೆ ಹೋಗಿ ಅದನ್ನು ನಿಷ್ಕ್ರಿಯಗೊಳಿಸಿ. ಐಪಿವಿ6 ಹೆಸರಿನಡಿ ಪ್ರತ್ಯೇಕ ವಿಳಾಸ ಹಂಚಿಕೆ ಇದ್ದರೆ ಅದನ್ನೂ ನಿಲ್ಲಿಸಿ. ಇದನ್ನು ಕೊನೆಯಲ್ಲಿ ಮಾಡಬೇಕೆನ್ನಲು ಕಾರಣವಿದೆ. ಹಂಚುವ ಗುಮಾಸ್ತ ನಿವೃತ್ತನಾದ ಮೇಲೆ ನಿಮ್ಮ ಲ್ಯಾಪ್‌ಟಾಪ್‌ಗೂ ವಿಳಾಸ ಸಿಗುವುದಿಲ್ಲ. ಪುಟ ಮತ್ತೆ ತೆರೆಯದು. ಹಾಗೇನಾದರೂ ಹೊರಗುಳಿದರೆ ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ 192.168.1.50ರಂತಹ ವಿಳಾಸವನ್ನು ತಾತ್ಕಾಲಿಕವಾಗಿ ಕೈಯಾರೆ ಕೊಟ್ಟು ಪ್ರವೇಶಿಸಬಹುದು. ಕೆಲಸವಾದ ಬಳಿಕ ಅದನ್ನು ತೆಗೆಯಲು ಮರೆಯಬಾರದು.

ಹಂತ 6: ತಂತಿ ಜೋಡಣೆ

ಮುಖ್ಯ ರೂಟರ್‌ನ ಖಾಲಿ ಇರುವ ಯಾವುದಾದರೂ ಲ್ಯಾನ್ ಪೋರ್ಟ್‌ನಿಂದ ಎರಡನೆಯ ರೂಟರ್‌ನ ಲ್ಯಾನ್ ಪೋರ್ಟ್‌ಗೆ ಕೇಬಲ್ ಎಳೆಯಿರಿ. ಬೇರೆ ಬಣ್ಣದಲ್ಲಿರುವ ವ್ಯಾನ್ ಪೋರ್ಟ್ ಖಾಲಿಯೇ ಇರಲಿ. ಇಂಟರ್‌ನೆಟ್ ದೀಪ ಕೆಂಪಾಗಿ ಅಥವಾ ಆರಿಯೇ ಉಳಿದರೆ ಅದು ದೋಷವಲ್ಲ. ವ್ಯಾನ್ ಪೋರ್ಟ್ ಬಳಸುತ್ತಿಲ್ಲ ಎಂಬುದರ ಸೂಚನೆಯಷ್ಟೆ.

ವ್ಯಾನ್ ಪೋರ್ಟ್‌ಗೆ ಚುಚ್ಚಿದರೆ ಏನಾಗುತ್ತದೆ? ರೂಟರ್‌ನ ಹೆಬ್ಬಾಗಿಲು ಮತ್ತೆ ಎಚ್ಚೆತ್ತು, ಮಹಡಿಯ ಜಾಲ ಕೆಳಗಿನ ಜಾಲದಿಂದ ಬೇರ್ಪಡುತ್ತದೆ. ಡಿಎಚ್‌ಸಿಪಿ ನಿಲ್ಲಿಸದವರಿಗೆ ಅಂತರ್ಜಾಲವೇನೋ ಸಿಕ್ಕೀತು. ಆದರೆ ಮೇಲಿನ ಲ್ಯಾಪ್‌ಟಾಪ್‌ಗೆ ಕೆಳಗಿನ ಪ್ರಿಂಟರ್ ಕಾಣಿಸದು, ಫೋನ್‌ನಿಂದ ನಡುಮನೆಯ ಟಿ.ವಿ.ಗೆ ಚಿತ್ರ ಕಳುಹಿಸಲಾಗದು, ಕೆಲವು ಆಟಗಳು ಮತ್ತು ಕ್ಯಾಮೆರಾಗಳು ತಕರಾರು ತೆಗೆಯುತ್ತವೆ. ವಿಳಾಸ ಬದಲಾವಣೆ ಎರಡು ಸಲ ನಡೆಯುವ ಈ ಸ್ಥಿತಿಯನ್ನು ಡಬಲ್ ನ್ಯಾಟ್ ಎನ್ನುತ್ತಾರೆ.

ಎರಡು ರೂಟರ್‌ಗಳ ನಡುವೆ ಒಂದೇ ಕೇಬಲ್ ಇರಬೇಕು. ವೇಗ ಇಮ್ಮಡಿಯಾದೀತೆಂದು ಎರಡು ಕೇಬಲ್ ಜೋಡಿಸಿದರೆ ಮಾಹಿತಿ ಅವುಗಳ ನಡುವೆಯೇ ಸುತ್ತತೊಡಗಿ ಇಡೀ ಮನೆಯ ಜಾಲ ಸ್ತಬ್ಧವಾಗುತ್ತದೆ.

ಹಂತ 7: ಪರೀಕ್ಷೆ

ಮಹಡಿಯಲ್ಲಿ ಫೋನನ್ನು ವೈ-ಫೈಗೆ ಜೋಡಿಸಿ ಸಂಪರ್ಕದ ವಿವರ ನೋಡಿ. ಫೋನ್‌ನ ವಿಳಾಸ 100ರಿಂದ 200ರ ನಡುವೆ ಇರಬೇಕು, ಗೇಟ್‌ವೇ 192.168.1.1 ಆಗಿರಬೇಕು. ಗೇಟ್‌ವೇ 192.168.1.2 ಎಂದು ತೋರಿಸಿದರೆ ಎರಡನೆಯ ಗುಮಾಸ್ತ ಇನ್ನೂ ಕೆಲಸದಲ್ಲಿದ್ದಾನೆಂದು ಅರ್ಥ. ಐದನೆಯ ಹಂತಕ್ಕೆ ಮರಳಿ. 169.254ರಿಂದ ಆರಂಭವಾಗುವ ವಿಳಾಸ ಕಂಡರೆ ಯಾರೂ ವಿಳಾಸ ಕೊಟ್ಟಿಲ್ಲವೆಂದರ್ಥ. ಕೇಬಲ್ ಅಥವಾ ಅದರ ಪ್ಲಗ್ ಪರಿಶೀಲಿಸಿ.

ಮನೆಯಲ್ಲಿ ಕೆಲವು ಸಾಧನಗಳಿಗೆ ಮಾತ್ರ, ಅದೂ ಆಗಾಗ ಮಾತ್ರ ಅಂತರ್ಜಾಲ ತಪ್ಪುತ್ತಿದ್ದರೆ ಬಹುಪಾಲು ಕಾರಣ ಇಬ್ಬರು ಗುಮಾಸ್ತರೇ. ಮೊದಲು ಯಾರು ವಿಳಾಸ ಕೊಟ್ಟರೋ ಅವರ ಮಾತು ನಡೆಯುವುದರಿಂದ ಇಂದು ಕೆಟ್ಟ ಫೋನ್ ನಾಳೆ ತಾನಾಗಿ ಸರಿಹೋಗುತ್ತದೆ, ಸರಿಯಿದ್ದ ಟಿ.ವಿ. ಕೆಡುತ್ತದೆ. ಇಂತಹ ಹೊತ್ತಿನಲ್ಲಿ ಸೇವಾ ಸಂಸ್ಥೆಯನ್ನು ದೂರಿ ಪ್ರಯೋಜನವಿಲ್ಲ.

ತಂತಿ ಎಳೆಯುವ ಮುನ್ನ

ಕೇಬಲ್‌ನೊಳಗೆ ನಾಲ್ಕು ಜೋಡಿಯಾಗಿ ಎಂಟು ತಂತಿಗಳಿರುತ್ತವೆ. ಎರಡೂ ತುದಿಗಳಲ್ಲಿ ಅವುಗಳ ಅನುಕ್ರಮ ಒಂದೇ ಇರಬೇಕು. ಸಾಮಾನ್ಯವಾಗಿ ಬಳಕೆಯಲ್ಲಿರುವ ಕ್ರಮ ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ ನಾಲ್ಕು ತಂತಿಗಳು ಸಾಕು. ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು. ಆದ್ದರಿಂದ ಒಂದು ತಂತಿ ಸರಿಯಾಗಿ ಕೂರದಿದ್ದರೂ ಸಂಪರ್ಕ ಕಡಿಯದೆ, ಸದ್ದಿಲ್ಲದೆ 100ಕ್ಕೆ ಇಳಿಯಬಹುದು. 300 ಮೆಗಾಬಿಟ್‌ನ ಯೋಜನೆಗೆ ಹಣ ಕಟ್ಟಿ ಮಹಡಿಯಲ್ಲಿ 94ರ ಆಸುಪಾಸು ಮಾತ್ರ ಕಾಣುತ್ತಿದ್ದರೆ ಅನುಮಾನಿಸಬೇಕಾದದ್ದು ಕೇಬಲ್‌ನ ತುದಿಯನ್ನು, ಇಲ್ಲವೇ ಹಳೆಯ ರೂಟರ್‌ನ ಪೋರ್ಟನ್ನು. ಹಳೆಯ ಅಗ್ಗದ ಮಾದರಿಗಳ ಪೋರ್ಟ್‌ಗಳ ಗರಿಷ್ಠ ಮಿತಿಯೇ 100 ಮೆಗಾಬಿಟ್. ಆನ್‌ಲೈನ್ ತರಗತಿಗೂ ವಿಡಿಯೊ ಸಭೆಗೂ ಅಷ್ಟು ಧಾರಾಳವಾಗಿ ಸಾಕು ಎಂಬುದು ಬೇರೆ ಮಾತು.

ಜಾಲದ ಕೇಬಲನ್ನು 230 ವೋಲ್ಟ್ ವಿದ್ಯುತ್ ತಂತಿ ಇರುವ ಕೊಳವೆಯಲ್ಲೇ ತೂರಿಸುವುದು ಅಪಾಯಕರ. ಪ್ರತ್ಯೇಕ ಪಿವಿಸಿ ಕೊಳವೆ ಬೇಕು. ಕಿಟಕಿಯಿಂದ ಹೊರತೆಗೆದು ಗೋಡೆಯ ಹೊರಮೈಯಲ್ಲಿ ಮೇಲಕ್ಕೆ ಒಯ್ಯುವ ಪದ್ಧತಿ ಸಾಮಾನ್ಯ. ಬಿಸಿಲಿಗೆ ಕೇಬಲ್‌ನ ಹೊದಿಕೆ ಬಿರುಕು ಬಿಡುತ್ತದೆ. ಮುಂಗಾರಿಗೆ ಮುನ್ನಿನ ಗುಡುಗು-ಸಿಡಿಲಿನ ದಿನಗಳಲ್ಲಿ ಇಂತಹ ತಾಮ್ರದ ತಂತಿಯಲ್ಲಿ ಪ್ರೇರಿತವಾಗುವ ವಿದ್ಯುತ್ ಎರಡೂ ತುದಿಯ ಸಾಧನಗಳನ್ನು ಸುಡಬಲ್ಲದು. ಸಾಧ್ಯವಾದಷ್ಟೂ ಮನೆಯ ಒಳಗಿನಿಂದಲೇ, ಮೆಟ್ಟಿಲ ಗೋಡೆಯ ಗುಂಟ ಒಯ್ಯಿರಿ. ಮನೆ ಕಟ್ಟಿಸುತ್ತಿರುವವರು ಗಾರೆಗೆ ಮುನ್ನವೇ ಪ್ರತಿ ಅಂತಸ್ತಿಗೂ ಒಂದು ಖಾಲಿ ಕೊಳವೆ ಹೂಳಿಸಿಟ್ಟರೆ ಮುಂದಿನ ಎಷ್ಟೋ ವರ್ಷಗಳ ತಾಪತ್ರಯ ತಪ್ಪುತ್ತದೆ.

ವಿದ್ಯುತ್ ಹೋದಾಗಲೂ ಸಂಪರ್ಕ ಬೇಕೆಂದರೆ ಎರಡೂ ರೂಟರ್‌ಗಳು ಯುಪಿಎಸ್ ಮಾರ್ಗದಲ್ಲಿರಬೇಕು. ಮೇಲಿನದಕ್ಕೆ ಮಾತ್ರ ವಿದ್ಯುತ್ ಇದ್ದು ಕೆಳಗಿನ ಫೈಬರ್ ಪೆಟ್ಟಿಗೆ ಆರಿದ್ದರೆ ಫೋನ್‌ನಲ್ಲಿ ಸಿಗ್ನಲ್ ತುಂಬಿ ಕಂಡರೂ ಅಂತರ್ಜಾಲ ಇರದು.

ರೂಟರ್ ಎಲ್ಲಿಡಬೇಕು?

ತಂತಿ ತಲುಪುವ ಮೊದಲ ಮೂಲೆಯಲ್ಲಿ ಇಟ್ಟು ಕೈತೊಳೆದುಕೊಳ್ಳುವುದು ಸಾಮಾನ್ಯ ತಪ್ಪು. ನೆಲದಿಂದ ಐದಾರು ಅಡಿ ಎತ್ತರದಲ್ಲಿ, ಬಳಕೆ ಹೆಚ್ಚಿರುವ ಕೋಣೆಗಳ ಮಧ್ಯೆ, ತೆರೆದ ಜಾಗದಲ್ಲಿಡಿ. ಉಕ್ಕಿನ ಬೀರುವಿನ ಮೇಲೆ, ಟಿ.ವಿ.ಯ ಹಿಂದೆ, ಮೈಕ್ರೊವೇವ್ ಒಲೆಯ ಪಕ್ಕದಲ್ಲಿ ಇಡಬೇಡಿ. ಆ ಒಲೆಯೂ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಕೆಲಸ ಮಾಡುತ್ತದೆ.

ಮೇಲೆ ಹೋದರೂ ಫೋನ್ ಕೆಳಗಿನ ರೂಟರ್‌ಗೇ ಜೋತುಬಿದ್ದಿರುತ್ತದೆ ಎಂಬ ದೂರು ಕೆಲವರದು. ಯಾವಾಗ ಬದಲಾಗಬೇಕೆಂದು ನಿರ್ಧರಿಸುವುದು ಫೋನ್, ರೂಟರ್ ಅಲ್ಲ. ಎರಡೂ ರೂಟರ್‌ಗಳ ಪ್ರಸಾರ ಶಕ್ತಿಯನ್ನು ಒಂದು ಹಂತ ತಗ್ಗಿಸಿದರೆ ಹಳೆಯ ಕೊಂಡಿ ಬೇಗ ದುರ್ಬಲವಾಗಿ ಫೋನ್ ಹೊಸದನ್ನು ಅರಸುತ್ತದೆ. ಬದಲಾಗುವ ಕ್ಷಣದಲ್ಲಿ ಕರೆ ಅರೆಗಳಿಗೆ ತಡವರಿಸಬಹುದು. ಅಷ್ಟರ ಮಟ್ಟಿಗೆ ಮೆಶ್ ವ್ಯವಸ್ಥೆ ಮೇಲು.

ಭದ್ರತೆ: ಉದಾಸೀನ ಬೇಡ

ಮನೆಯ ವೈ-ಫೈ ಮತ್ತೊಂದು ಬಾಗಿಲು ಪಡೆದಾಗ ಅದಕ್ಕೂ ಅಷ್ಟೇ ಗಟ್ಟಿಯಾದ ಬೀಗ ಬೇಕು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟ ನಡೆದಾಗ, ಉಗ್ರರ ಇ-ಮೇಲ್‌ನ ಜಾಡು ಹಿಡಿದ ತನಿಖಾಧಿಕಾರಿಗಳು ಮೊದಲು ತಲುಪಿದ್ದು ನವಿ ಮುಂಬಯಿಯ ಮನೆಯೊಂದರ ವೈ-ಫೈ ಸಂಪರ್ಕವನ್ನು. ರಕ್ಷಣೆಯಿಲ್ಲದ ಆ ಸಂಪರ್ಕವನ್ನು ಅನ್ಯರು ದುರುಪಯೋಗಪಡಿಸಿಕೊಂಡಿದ್ದರು. ಇಂತಹ ಪ್ರಕರಣಗಳ ಹಿನ್ನೆಲೆಯಲ್ಲಿ 2009ರ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆಯು ವೈ-ಫೈ ಸುರಕ್ಷಿತ ಬಳಕೆಯ ಕುರಿತು ಸೇವಾ ಸಂಸ್ಥೆಗಳಿಗೆ ಸೂಚನೆಗಳನ್ನು ನೀಡಿತು. ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೇ ಮೊದಲು ಪೊಲೀಸರು ಬರುತ್ತಾರೆಂಬುದು ಅದರ ಪಾಠ.

ಹಳೆಯ ರೂಟರ್‌ನಲ್ಲಿ ಕಾಣಸಿಗುವ ವೆಪ್ ಎಂಬ ಭದ್ರತಾ ವಿಧಾನದ ದೌರ್ಬಲ್ಯ 2001ರಲ್ಲೇ ಬಯಲಾಗಿದೆ. ಅದನ್ನು ಬಳಸುವುದು ಬಾಗಿಲಿಗೆ ದಾರ ಕಟ್ಟಿದಂತೆ. 2004ರಲ್ಲಿ ಬಂದ ಡಬ್ಲ್ಯುಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ3 ಇರಲೇಬೇಕು. ಗುಂಡಿ ಒತ್ತಿ ಅಥವಾ ಎಂಟಂಕಿಯ ಪಿನ್ ಕೊಟ್ಟು ಜೋಡಿಸುವ ಡಬ್ಲ್ಯುಪಿಎಸ್ ಸೌಲಭ್ಯದ ಪಿನ್ ವಿಧಾನವನ್ನು ಭೇದಿಸಬಹುದೆಂದು 2011ರಲ್ಲಿ ತಿಳಿದುಬಂತು, ಅದನ್ನು ನಿಲ್ಲಿಸಿಬಿಡಿ. ತಯಾರಕರ ತಾಣದಲ್ಲಿ ಆ ಮಾದರಿಗೆ ಹೊಸ ತಂತ್ರಾಂಶ ಲಭ್ಯವಿದ್ದರೆ ಮೊದಲ ದಿನವೇ ಅಳವಡಿಸಿ.

ಇನ್ನೆರಡು ಸೂಕ್ಷ್ಮಗಳಿವೆ. ಮಕ್ಕಳ ಬಳಕೆಗೆ ಸಮಯ ಮಿತಿ, ತಾಣಗಳ ನಿರ್ಬಂಧ ಮುಂತಾದವನ್ನು ಮುಖ್ಯ ರೂಟರ್‌ನಲ್ಲೇ ಹೊಂದಿಸಬೇಕು. ಮಾಹಿತಿ ಎರಡನೆಯದರ ಹೆಬ್ಬಾಗಿಲನ್ನು ಹಾದುಹೋಗುವುದೇ ಇಲ್ಲವಾದ್ದರಿಂದ ಅಲ್ಲಿ ಹಾಕಿದ ನಿರ್ಬಂಧ ಫಲಿಸದು. ಅಂತೆಯೇ, ಕೈಯಾರೆ ಮಾರ್ಪಡಿಸಿದ ರೂಟರ್‌ನ ಅತಿಥಿ ಜಾಲವನ್ನು ನಂಬಬಾರದು. ಮುಖ್ಯ ರೂಟರ್‌ನಲ್ಲಿ ಅತಿಥಿಗಳನ್ನು ಮನೆಯ ಸಾಧನಗಳಿಂದ ದೂರವಿಡುವ ತಡೆ ಇಲ್ಲಿ ಕೆಲಸ ಮಾಡದಿರಬಹುದು.

ಯಾವಾಗ ಬೇಡ?

ವೆಪ್ ಹೊರತು ಬೇರೆ ಭದ್ರತೆ ಇಲ್ಲದ, ವರ್ಷಗಳಿಂದ ತಂತ್ರಾಂಶ ಪರಿಷ್ಕರಣೆ ಕಾಣದ ಸಾಧನವನ್ನು ಉಳಿತಾಯದ ಹೆಸರಿನಲ್ಲಿ ಮರಳಿ ಬಳಸುವುದು ತರವಲ್ಲ. ಅಂಥದ್ದನ್ನು ಕಸದ ಬುಟ್ಟಿಗೆ ಎಸೆಯದೆ ಇ-ತ್ಯಾಜ್ಯ ಸಂಗ್ರಾಹಕರಿಗೆ ಒಪ್ಪಿಸಬೇಕು. ತಂತಿ ಎಳೆಯಲು ಮಾಲೀಕರು ಒಪ್ಪದ ಬಾಡಿಗೆ ಮನೆಯವರಿಗೆ ಮೆಶ್ ವ್ಯವಸ್ಥೆಯೇ ಯೋಗ್ಯ. ಎರಡು ಕೋಣೆಯ ಸಣ್ಣ ಮನೆಯವರು ಖರ್ಚಿಗಿಳಿಯುವ ಮುನ್ನ ಮುಖ್ಯ ರೂಟರನ್ನು ಟಿ.ವಿ.ಯ ಹಿಂದಿನಿಂದ ಮನೆಯ ನಡುವಿಗೆ ತಂದು ನೋಡಲಿ. ಎಷ್ಟೋ ಸಲ ಅಷ್ಟರಿಂದಲೇ ಸಮಸ್ಯೆ ಬಗೆಹರಿಯುತ್ತದೆ.

ಉಳಿದವರಿಗೆ ಇದು ಒಂದು ಮಧ್ಯಾಹ್ನದ ಕೆಲಸ. ಮುಗಿದ ಮೇಲೆ ಎರಡೂ ರೂಟರ್‌ಗಳ ವಿಳಾಸ, ನಿರ್ವಹಣಾ ಪಾಸ್‌ವರ್ಡ್ ಮತ್ತು ಬಳಸಿದ ಚಾನೆಲ್‌ಗಳನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ಕಾಗದಪತ್ರಗಳ ಜೊತೆ ಜೋಪಾನವಾಗಿಡಿ. ಮುಂದೊಂದು ದಿನ, ಪರೀಕ್ಷೆಯ ಹಿಂದಿನ ರಾತ್ರಿಯೇ ಸಂಪರ್ಕ ಕೈಕೊಟ್ಟರೆ, ನೆರವಿಗೆ ಬರುವುದು ಆ ಹಾಳೆಯೇ.